ಅನುಮಾನ ಬರೋವರೆಗೆ ಕಾಯೋಣವೇ?

ಶಾಲೆ ಮತ್ತು ಶಿಶುವಿಹಾರಗಳಲ್ಲಿ ರೇಡಾನ್ ಎಂಬ ವಿಕಿರಣ ಸೂಸುವ ಅನಿಲದ ಪರೀಕ್ಷೆ ಕಡ್ಡಾಯವಾಗಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನು ಓದಿ ಬೇಸರದಿಂದಲೇ ಪತ್ರ ಬರೆದಿದ್ದೀರಿ. "ಅನುಮಾನ ಇರುವವರು ಮಾಡಿಸಿಕೊಳ್ಳಲಿ, ಎಲ್ಲರ ಮೇಲೂ ಯಾಕೆ ಹೇರಬೇಕು? ಮಕ್ಕಳು ಅಲ್ಲಿರೋದೇ ಆರು ಗಂಟೆ. ಸುಮ್ನೆ ಹೆತ್ತವರಿಗೆ ಭಯ" ಎಂದಿದ್ದೀರಿ. ಶಾಲೆ ನಡೆಸುವವರು ನೀವು. ಖರ್ಚಿನ ಚಿಂತೆ ನನಗೂ ಅರ್ಥವಾಗುತ್ತದೆ.

ಆದರೆ ಅನುಮಾನ ಬರುವುದಾದರೂ ಹೇಗೆ ಹೇಳಿ? ರೇಡಾನ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕೆಮ್ಮು ಬರಿಸುವುದಿಲ್ಲ, ಕಣ್ಣು ಉರಿಸುವುದಿಲ್ಲ. ಮಣ್ಣು, ಬಂಡೆಗಳಲ್ಲಿರುವ ಯುರೇನಿಯಂನಿಂದ ಹುಟ್ಟುವ ಅನಿಲ ಇದು. ನೆಲದ ಬಿರುಕು, ಪೈಪಿನ ಸುತ್ತಲಿನ ಸಂದು ಸಿಕ್ಕರೆ ಸಾಕು, ಒಳಗೆ ಬರುತ್ತದೆ. ಬಯಲಲ್ಲಿ ಗಾಳಿಗೆ ಚದುರಿಹೋಗುತ್ತದೆ, ಕಿಟಕಿ ಮುಚ್ಚಿದ ಕೋಣೆಯಲ್ಲಿ ತುಂಬಿಕೊಳ್ಳುತ್ತದೆ. ಶ್ವಾಸಕೋಶದ ಕ್ಯಾನ್ಸರ್‌ಗೆ ಧೂಮಪಾನ ಬಿಟ್ಟರೆ ಇದೇ ದೊಡ್ಡ ಕಾರಣ. ಆದರೆ ಕಾಯಿಲೆ ಕಾಣಿಸಿಕೊಳ್ಳುವುದು ಹತ್ತಾರು ವರ್ಷದ ಮೇಲೆ. ಅಷ್ಟೊತ್ತಿಗೆ ಒಂದನೇ ತರಗತಿಯ ಕೋಣೆಯನ್ನು ಯಾರು ನೆನೆಸಿಕೊಳ್ಳುತ್ತಾರೆ? ದೂರು ಕೊಡುವವರೇ ಇಲ್ಲದ ಅಪಾಯ ಇದು. ನಾನು ಕಡ್ಡಾಯ ಎನ್ನುವುದು ಅದಕ್ಕೇ.

1984ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಎಂಬ ಎಂಜಿನಿಯರ್ ಅಣು ಸ್ಥಾವರದ ಕೆಲಸಕ್ಕೆ ಹೋದರೆ ವಿಕಿರಣದ ಅಲಾರಂ ಹೊಡೆದುಕೊಂಡಿತು. ಸ್ಥಾವರದಲ್ಲಿ ಆಗಿನ್ನೂ ವಿದ್ಯುತ್ ಉತ್ಪಾದನೆಯೇ ಶುರುವಾಗಿರಲಿಲ್ಲ! ಹುಡುಕಿದಾಗ ವಿಕಿರಣ ಅವರ ಮನೆಯಿಂದಲೇ ಬಂದಿತ್ತು. ಆ ಮನೆಯಲ್ಲಿ ರೇಡಾನ್ ಮಿತಿಗಿಂತ ನೂರಾರು ಪಟ್ಟು ಜಾಸ್ತಿ ಇತ್ತು. ಅಲಾರಂ ಇದ್ದ ಕಡೆ ಕೆಲಸ ಮಾಡುತ್ತಿದ್ದರು, ಗೊತ್ತಾಯಿತು. ಮಕ್ಕಳ ಶಾಲೆಯ ಬಾಗಿಲಲ್ಲಿ ಅಂಥ ಅಲಾರಂ ಇಲ್ಲವಲ್ಲ.

ಪಕ್ಕದ ಕಟ್ಟಡದಲ್ಲಿ ಕಡಿಮೆ ಬಂತು, ನಮ್ಮದೂ ಹಾಗೇ ಇರುತ್ತೆ ಅನ್ನುವಂತಿಲ್ಲ. ಒಂದೇ ಶಾಲೆಯ ಅಕ್ಕಪಕ್ಕದ ಎರಡು ಕೋಣೆಗಳಲ್ಲೂ ಅಳತೆ ಬೇರೆ ಬೇರೆ ಬರಬಹುದು. ಹಾಗಾಗಿ ನೆಲಕ್ಕೆ ತಾಗಿದ, ಜನ ಕೂರುವ ಪ್ರತಿ ಕೋಣೆಯನ್ನೂ ನೋಡಬೇಕು. ಪರೀಕ್ಷೆ ಎಂದರೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಡಬ್ಬಿ, ಒಳಗೆ ಇದ್ದಿಲ ಪುಡಿ. ಮುಚ್ಚಳ ತೆಗೆದು ಪುಸ್ತಕದ ಕಪಾಟಿನ ಮೇಲೆ ಕೆಲವು ದಿನ ಇಟ್ಟು, ಮತ್ತೆ ಮುಚ್ಚಿ ಪ್ರಯೋಗಾಲಯಕ್ಕೆ ಕಳಿಸಬೇಕು. ಪಾಠ ನಿಲ್ಲಿಸಬೇಕಾಗಿಲ್ಲ.

ಆರು ಗಂಟೆಯ ಮಾತಿಗೆ ಬರೋಣ. ಶಿಶುವಿಹಾರದ ಮಗು ಅದಕ್ಕಿಂತ ಹೆಚ್ಚು ಹೊತ್ತು ಅಲ್ಲಿರುತ್ತದೆ. ನಿದ್ದೆಯನ್ನೂ ಅಲ್ಲೇ ಮಾಡುತ್ತದೆ. ಮತ್ತೆ ನಿಮ್ಮ ಟೀಚರುಗಳು? ಮಕ್ಕಳು ವರ್ಷಕ್ಕೊಂದು ಕೋಣೆ ಬದಲಿಸುತ್ತಾರೆ, ಅವರು ಮೂವತ್ತು ವರ್ಷ ಅದೇ ಕೋಣೆಯಲ್ಲಿ ಇರುತ್ತಾರೆ. ಎಷ್ಟು ಕಾಲ ಉಸಿರಾಡಿದರೋ ಅಪಾಯವೂ ಅಷ್ಟು ಬೆಳೆಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಘನ ಮೀಟರ್ ಗಾಳಿಗೆ 100 ಬೆಕೆರೆಲ್ (ವಿಕಿರಣಶೀಲತೆಯ ಅಳತೆಮಾನ) ಮಿತಿ ಸೂಚಿಸುತ್ತದೆ. ಅದು ಸಾಧ್ಯವಾಗದ ಕಡೆಯೂ 300 ದಾಟಬಾರದು ಎನ್ನುತ್ತದೆ. ಜಾಸ್ತಿ ಬಂದರೆ ಕಟ್ಟಡ ಕೆಡವಬೇಕಾಗಿಲ್ಲ. ನೆಲ ಕೊರೆದು ಪೈಪು ಇಳಿಸಿ, ಫ್ಯಾನ್ ಜೋಡಿಸಿ, ಅಡಿಯ ಗಾಳಿಯನ್ನು ಚಾವಣಿಯ ಆಚೆಗೆ ಎಳೆದುಬಿಡುತ್ತಾರೆ. ಈ ಖರ್ಚನ್ನು ಶಾಲೆಯ ತಲೆಗೇ ಕಟ್ಟಬಾರದು, ಕಾನೂನು ಮಾಡುವವರೇ ಹಣವನ್ನೂ ಇಡಬೇಕು. ಇದರಲ್ಲಿ ನಾನು ನಿಮ್ಮ ಕಡೆಯೇ. ಹೆತ್ತವರಿಗೆ ಅಳತೆಯ ಜೊತೆಗೆ ಮುಂದೇನು ಮಾಡುತ್ತೀರಿ ಅಂತಲೂ ಹೇಳಿ. ಭಯ ಅರ್ಧ ಇಳಿಯುತ್ತದೆ.

ನಿಮ್ಮ ಶಾಲೆಯ ನೆಲಮಹಡಿಯಲ್ಲಿ ಎಷ್ಟು ಕೋಣೆಗಳಿವೆ ಎಂದು ನೀವು ಬರೆದಿಲ್ಲ. ನಾಳೆ ಒಮ್ಮೆ ಎಣಿಸಿ ನೋಡಿ. ಶುರು ಮಾಡಲು ಅಷ್ಟು ಡಬ್ಬಿ ಸಾಕು.

– ಸಂಪಾದಕ