ಜಿಮ್ನಾಸ್ಟಿಕ್ಸ್‌ನ ಬ್ಯಾಲೆನ್ಸ್ ಬೀಮ್ (ಮೇಲೆ ನಡೆಯುವ ಉದ್ದನೆಯ ಕಿರಿದಾದ ತೊಲೆ) ಸ್ಪರ್ಧೆಗೆ ಸಂಗೀತವೇ ಇಲ್ಲ, ಆದರೂ ಮಕ್ಕಳ ಅಭ್ಯಾಸದಲ್ಲಿ ಸಂಗೀತ ಯಾಕೆ ಹಾಕುತ್ತಾರೆ?

ಮುಂದಿನ ಹೆಜ್ಜೆ ಯಾವಾಗ ಬೀಳಬೇಕೆಂದು ಮಗುವಿಗೆ ಮೊದಲೇ ಗೊತ್ತಾಗಲಿ ಎಂದು. ತಾಳ ಸಮವಾಗಿದ್ದರೆ ಮೆದುಳು ಮುಂದಿನ ಪೆಟ್ಟನ್ನು ಊಹಿಸಿ, ಕಾಲು ಊರುವ ಮುನ್ನವೇ ಹೊಟ್ಟೆ, ಸೊಂಟದ ಸ್ನಾಯುಗಳನ್ನು ಸಿದ್ಧಮಾಡುತ್ತದೆ. ಮಕ್ಕಳು ಹೆಚ್ಚಾಗಿ ವಾಲುವುದು ತೂಕ ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟುವ ಆ ಗಳಿಗೆಯಲ್ಲೇ.

ಬೀಮ್‌ನ ಅಗಲ ಬರೀ 10 ಸೆಂ.ಮೀ. ಮೊದಲು ನೆಲದ ಮೇಲೆ ಅಷ್ಟೇ ಅಗಲಕ್ಕೆ ಟೇಪ್ ಅಂಟಿಸಿ. ಐದರಿಂದ ಏಳು ವರ್ಷದವರಿಗೆ ನಿಮಿಷಕ್ಕೆ ಸುಮಾರು 110 ಪೆಟ್ಟಿನ, ಹಾಡಿಲ್ಲದ ವಾದ್ಯಸಂಗೀತ ಸಾಕು. ಸಾಹಿತ್ಯ ಇದ್ದರೆ ಗಮನ ಅತ್ತ ಹೋಗುತ್ತದೆ. ನೆಲದಲ್ಲಿ ಪೆಟ್ಟಿಗೊಂದು ಹೆಜ್ಜೆ, ಬೀಮ್ ಮೇಲೆ ಎರಡು ಪೆಟ್ಟಿಗೊಂದು. ಎಂಟು ಎಣಿಕೆ ನಡೆದು, ನಾಲ್ಕು ಎಣಿಕೆ ಒಂಟಿಕಾಲಲ್ಲಿ ನಿಲ್ಲಲಿ, ದೃಷ್ಟಿ ಬೀಮ್‌ನ ತುದಿಯಲ್ಲಿರಲಿ. ಎಣಿಕೆಯನ್ನು ಬಾಯಿಬಿಟ್ಟು ಹೇಳಿಸಿ, ಇಲ್ಲವಾದರೆ ಉಸಿರು ಕಟ್ಟಿ ಭುಜ ಸೆಟೆಯುತ್ತದೆ.

ನಿಧಾನವಾದಷ್ಟೂ ಸುಲಭ ಎಂದುಕೊಂಡು ಸಂಗೀತವನ್ನೇ 60 ಪೆಟ್ಟಿಗೆ ಇಳಿಸುವುದು ಸಾಮಾನ್ಯ ತಪ್ಪು. ಪೆಟ್ಟುಗಳ ನಡುವಿನ ಅಂತರ ಹಿಗ್ಗಿದರೆ ಚಿಕ್ಕವರಿಗೆ ಕಾಯಲಾಗದು, ಮೊದಲೇ ಕಾಲಿಟ್ಟು ತೂಗಾಡುತ್ತಾರೆ.

ತಾಳ ಹಿಡಿತಕ್ಕೆ ಬಂದ ಮೇಲೆ ನಡಿಗೆಯ ಮಧ್ಯೆ ಎಂಟು ಎಣಿಕೆ ಸಂಗೀತ ನಿಲ್ಲಿಸಿ. ಮತ್ತೆ ಹಾಕಿದಾಗ ಹೆಜ್ಜೆ ತಾಳಕ್ಕೇ ಬಿದ್ದರೆ, ಸಂಗೀತವಿಲ್ಲದ ಬೀಮ್‌ಗೆ ಬೇಕಾದ ಲಯ ಮಗುವಿನೊಳಗೇ ಕೂತಿದೆ.