ಹಿತ್ತಲಿನ ಮೊಲದ ಗೂಡಿಗೆ ಕಾವಲಾಗಿ ನಾಯಿ ಕಟ್ಟಬಹುದೇ?

ನಾಯಿ ಕಟ್ಟಬೇಡಿ. ಇದೊಂದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದನ್ನು ನೀವು ಓದದಿದ್ದರೂ ಚಿಂತೆಯಿಲ್ಲ.

ಸಿಂಧನೂರು ಕಡೆಯ ಕ್ಯಾಂಪು (ಕಾಲುವೆ ನೀರಾವರಿಯ ಸೀಮೆಯಲ್ಲಿ ಬೆಳೆದ ಸಣ್ಣ ಊರು), ಹಿತ್ತಲಲ್ಲಿ ಕಬ್ಬಿಣದ ಗೂಡು, ಅದರಲ್ಲಿ ನಾಲ್ಕು ಮೊಲ, ರಾತ್ರಿ ಬೀದಿನಾಯಿ, ಹಗಲು ಮುಂಗುಸಿ. ಪಕ್ಕದಲ್ಲಿ ನಾಯಿ ಕಟ್ಟಲೇ, ಬೋನು ಇಡಲೇ, ಎಂಥ ಬೀಗ ಹಾಕಲಿ ಎಂಬುದು ನಿಮ್ಮ ಪ್ರಶ್ನೆ. ಗಂಗಾವತಿಯಲ್ಲಿ ನಾನೂ ಇದನ್ನೇ ಕೇಳಿಕೊಂಡು ಓಡಾಡಿದವನು. ಬೀಗವನ್ನಂತೂ ಒಳ್ಳೆಯದನ್ನೇ ತಂದಿದ್ದೆ, ಹಿತ್ತಾಳೆಯದು. ಮೊಲ ಸತ್ತ ಬೆಳಿಗ್ಗೆ ಆ ಬೀಗ ಹಾಕಿದ ಹಾಗೆಯೇ ಇತ್ತು.

ಮಗಳಿಗೆಂದು ಹೊಸಪೇಟೆಯಿಂದ ಒಂದು ಜೋಡಿ ಬಿಳಿ ಮೊಲ ತಂದಿದ್ದೆವು. ಆಮೇಲೆ ಪರಿಚಯದವರೊಬ್ಬರು ಊರು ಬಿಡುವಾಗ ತಮ್ಮ ಬೂದು ಮೊಲವನ್ನೂ ನಮ್ಮ ಮನೆಗೇ ದಾಟಿಸಿದರು. ಮೊದಮೊದಲು ಪಡಸಾಲೆಯಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿದ್ದವು. ಉಚ್ಚೆಯ ವಾಸನೆ ಎಂದು ಅವ್ವ ಗೊಣಗತೊಡಗಿದಳು. ವೆಲ್ಡಿಂಗ್ ಅಂಗಡಿಯಲ್ಲಿ ಗೂಡು ಮಾಡಿಸಿ ಹಿತ್ತಲಿಗೆ ಸಾಗಿಸಿದೆ.

ಆ ಗೂಡಿನ ವಿವರವನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮದೂ ಹಾಗೆಯೇ ಇರಬಹುದೆಂಬ ಅನುಮಾನ ನನಗಿದೆ. ಕಬ್ಬಿಣದ ಆಂಗಲ್‌ನ ಚೌಕಟ್ಟು, ಎರಡು ಅಡಿ ಎತ್ತರದ ನಾಲ್ಕು ಕಾಲು, ಮೇಲೆ ತಗಡು, ಸುತ್ತಲೂ ಒಂದಿಂಚು ಕಣ್ಣಿನ ವೆಲ್ಡ್ ಮೆಶ್. ತಳಕ್ಕೆ ಹಲಗೆ ಹಾಕೋಣ ಎಂದು ನಾನು ಅಂದಿದ್ದೆ. “ಸರ್, ಕೆಳಗೂ ಜಾಲರಿಯನ್ನೇ ಹಾಕಿಸಿ. ಹಿಕ್ಕೆ ತಾನೇ ಕೆಳಗೆ ಬೀಳುತ್ತದೆ, ತೊಳೆಯುವ ಗೋಜಿಲ್ಲ. ಫಾರಂಗಳಲ್ಲೆಲ್ಲ ಹೀಗೆಯೇ ಇರುತ್ತದೆ” ಎಂದ ಅಂಗಡಿಯವನು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮೊಲದ ಫಾರಂಗಳಲ್ಲಿ ಜಾಲರಿ ತಳದ ಗೂಡುಗಳೇ ಇರುತ್ತವೆ. ಆದರೆ ಆ ಗೂಡುಗಳು ಶೆಡ್ಡಿನೊಳಗೆ ಇರುತ್ತವೆ. ಶೆಡ್ಡಿಗೆ ಗೋಡೆಯಿದೆ, ಬಾಗಿಲಿದೆ, ಗೂಡಿನ ಕೆಳಗೆ ನಾಯಿ ನುಸುಳುವ ಮಾತೇ ಇಲ್ಲ. ನಾನು ಫಾರಂನ ಗೂಡನ್ನಷ್ಟೇ ನಕಲು ಮಾಡಿದೆ, ಶೆಡ್ಡನ್ನು ಬಿಟ್ಟೆ. ಅದೂ ಸಾಲದೆಂಬಂತೆ ತಳಕ್ಕೆ ಅರ್ಧ ಇಂಚು ಕಣ್ಣಿನ ಜಾಲರಿ ಬೇಕಾಗಿದ್ದಲ್ಲಿ, ಪಕ್ಕಗಳಿಗೆ ತಂದು ಉಳಿದಿದ್ದ ಒಂದಿಂಚಿನದನ್ನೇ ಕತ್ತರಿಸಿ ಹಾಕಿಸಿದೆ. ಒಂದಿಂಚಿನ ಕಣ್ಣಿನಲ್ಲಿ ಮೊಲದ ಮುಂಗಾಲು ಸಲೀಸಾಗಿ ಕೆಳಗಿಳಿಯುತ್ತದೆ. ಇನ್ನು ಎರಡು ಅಡಿ ಎತ್ತರ ಏನೆಂದು ತಿಳಿಯಬೇಕೆ? ನಿಮ್ಮ ಓಣಿಯ ಯಾವುದಾದರೂ ನಾಯಿಯನ್ನು ಗೂಡಿನ ಪಕ್ಕ ನಿಲ್ಲಿಸಿ ನೋಡಿ. ಅದು ತಲೆಯೆತ್ತಿದರೆ ಮೂತಿ ಸರಿಯಾಗಿ ತಳಕ್ಕೆ ಮುಟ್ಟುತ್ತದೆ. ಗೂಡನ್ನು ನಾಯಿಯ ಅಳತೆಗೇ ಮಾಡಿಸಿದಂತಾಗಿತ್ತು. ಬಾಗಿಲು, ಚಿಲಕ, ಬೀಗ, ಮೂಲೆಗಳ ಬೆಸುಗೆ ಎಲ್ಲವನ್ನೂ ಎಳೆದೆಳೆದು ಪರೀಕ್ಷಿಸಿದ್ದೆ. ಒಮ್ಮೆಯೂ ಬಗ್ಗಿ ಕೆಳಗೆ ನೋಡಲಿಲ್ಲ.

ಏಪ್ರಿಲ್ ತಿಂಗಳ ಸೆಕೆ. ರಾತ್ರಿಯಿಡೀ ಕೂಲರ್ ಬೊಬ್ಬೆ ಹೊಡೆಯುತ್ತಿದ್ದುದರಿಂದ ಹಿತ್ತಲಿನ ಸದ್ದು ಯಾರಿಗೂ ಕೇಳಲಿಲ್ಲ. ಬೆಳಗಿನ ಜಾವ ನೀರು ಚಿಮುಕಿಸಲು ಹೋದ ಅವ್ವ ಕೂಗಿ ಕರೆದಳು. ಜಾಲರಿ ಎಲ್ಲಿಯೂ ಬಾಗಿರಲಿಲ್ಲ. ತಳದ ಜಾಲರಿಯ ಕೆಳಮೈಗೆ ಬಿಳಿ ಕೂದಲಿನ ಒಂದು ಗೊಂಚಲು ಜೊಲ್ಲಿನಿಂದ ಮೆತ್ತಿಕೊಂಡಿತ್ತು. ನೀರಿನ ಬಾಟಲಿ ಸೋರಿ ಹಸಿಯಾಗಿದ್ದ ಮಣ್ಣಿನಲ್ಲಿ ನಾಯಿ ಹೆಜ್ಜೆಗಳು, ಒಂದರ ಮೇಲೊಂದು, ಒಂದೇ ನಾಯಿಯದಲ್ಲ. ಒಂದು ಬಿಳಿ ಮೊಲದ ಮುಂಗಾಲಿನ ಬೆರಳುಗಳು ಹೋಗಿದ್ದವು. ಇನ್ನೊಂದು ಬಿಳಿಯದಕ್ಕೆ ಒಂದು ಗೀರೂ ಇರಲಿಲ್ಲ, ಆದರೆ ಹಿಂಗಾಲುಗಳನ್ನು ಎಳೆದುಕೊಂಡು ತೆವಳುತ್ತಿತ್ತು. ಬೂದು ಮೊಲ ಮೂಲೆಯಲ್ಲಿ ಸತ್ತು ಬಿದ್ದಿತ್ತು, ಮೈಮೇಲೆ ಎಲ್ಲಿ ಹುಡುಕಿದರೂ ಗಾಯವಿಲ್ಲ.

ಪಶು ವೈದ್ಯರು ಹೇಳಿದ್ದು ನನಗೆ ಹೊಸದು. ಮೊಲದ ಎಲುಬಿನ ಗೂಡು ಅದರ ದೇಹತೂಕದ ಶೇ. 7–8 ಮಾತ್ರ, ಹಿಂಗಾಲಿನ ಸ್ನಾಯುಗಳೋ ಬಹಳ ಬಲ. ಬೆದರಿ ಒದೆದು ಜಿಗಿದರೆ, ಇಕ್ಕಟ್ಟಿನಲ್ಲಿ ಆ ಒದೆತದ ರಭಸಕ್ಕೇ ಸೊಂಟದ ಹತ್ತಿರ ಬೆನ್ನೆಲುಬು ಮುರಿಯುತ್ತದೆ. ತೆವಳುತ್ತಿದ್ದ ಮೊಲದ ಬೆನ್ನು ಮುರಿದದ್ದು ಯಾವ ನಾಯಿಯೂ ಅಲ್ಲ. ಬೂದು ಮೊಲ ಸತ್ತದ್ದು ಬರಿಯ ಹೆದರಿಕೆಗೆ. ಬೆನ್ನು ಮುರಿದದ್ದಕ್ಕೆ ವೈದ್ಯರು ಚುಚ್ಚುಮದ್ದು ಕೊಟ್ಟು ನೋವು ಮುಗಿಸಿದರು. ಬೆರಳು ಕಳೆದುಕೊಂಡದ್ದು ಬದುಕಿತು, ಕುಂಟುತ್ತ ಹಲವು ವರ್ಷ ಬಾಳಿತು.

ಈಗ ನಿಮ್ಮ ನಾಯಿಯ ವಿಷಯಕ್ಕೆ ಬರೋಣ. ನೀವು ಕಟ್ಟಿದ ನಾಯಿ ಸಾಕುನಾಯಿ, ಬೇಲಿಯಾಚೆಯದು ಬೀದಿನಾಯಿ ಎಂಬ ಭೇದ ಮೊಲಕ್ಕೆ ಗೊತ್ತಿಲ್ಲ. ಅದರ ಮೂಗಿಗೆ ಎರಡೂ ಒಂದೇ ವಾಸನೆ. ಕಟ್ಟಿದ ನಾಯಿ ರಾತ್ರಿಯೆಲ್ಲ ಬೊಗಳುತ್ತದೆ, ಆ ಬೊಗಳಿಗೆ ಓಣಿಯ ನಾಯಿಗಳೆಲ್ಲ ಉತ್ತರ ಕೊಡುತ್ತ ಬರುತ್ತವೆ. ಕಚ್ಚುವ ಅಗತ್ಯವೇ ಬೀಳುವುದಿಲ್ಲ. ಹೆದರಿದ ಮೊಲ ಮೇವು ಬಿಡುತ್ತದೆ, ಮೇವು ಬಿಟ್ಟ ಮೊಲದ ಕರುಳು ನಿಂತುಹೋಗುತ್ತದೆ. ಹನ್ನೆರಡು ಗಂಟೆ ಏನನ್ನೂ ಮುಟ್ಟದೆ, ಹಿಕ್ಕೆಯನ್ನೂ ಹಾಕದೆ ಕುಳಿತ ಮೊಲವನ್ನು ನಾಳೆ ನೋಡೋಣ ಎನ್ನದೆ ಆಸ್ಪತ್ರೆಗೆ ಒಯ್ಯಬೇಕು. ಇನ್ನು ಕೆಲವರು ಗೂಡಿನ ಮೇಲೊಂದು ಬಲ್ಬು ಉರಿಸಿ, ನಾಯಿ ಹತ್ತಿರ ಸುಳಿಯುವುದಿಲ್ಲ ಎನ್ನುತ್ತಾರೆ. ಬೀದಿದೀಪದ ಕಂಬದ ಬುಡದಲ್ಲೇ ಮಲಗುವ ನಾಯಿಗೆ ಬಲ್ಬಿನ ಭಯವೇ?

ಆದ್ದರಿಂದ ಹಿತ್ತಲಿನ ಗೂಡನ್ನು ರಾತ್ರಿಗೆ ಹೇಗೆ ಭದ್ರಪಡಿಸಲಿ ಎಂಬ ಪ್ರಶ್ನೆಯೇ ಸರಿಯಲ್ಲ ಎನ್ನುತ್ತೇನೆ. ಜಾಲರಿ ಹಲ್ಲನ್ನು ತಡೆಯುತ್ತದೆ, ಹೆದರಿಕೆಯನ್ನು ತಡೆಯುವುದಿಲ್ಲ. ನಾಲ್ಕು ಮೊಲಕ್ಕೆ ಒಂದು ಮೂಲೆ ಸಾಕು. ಗ್ರಿಲ್ ಇರುವ ಪಡಸಾಲೆಯೋ, ಬಚ್ಚಲ ಪಕ್ಕದ ಸಾಮಾನಿನ ಕೋಣೆಯೋ ಇದ್ದರೆ ಕತ್ತಲಾಗುವ ಮುಂಚೆ ಒಳಗೆ ಬಿಡಿ, ಬಾಗಿಲು ಹಾಕಿ. ವಾಸನೆ ಎಂದು ಮನೆಯವರು ಅಂದರೆ ದಿನವೂ ಹುಲ್ಲು ಬದಲಿಸಿ. ನಮ್ಮವ್ವನೂ ಒಪ್ಪಿದಳು, ಆದರೆ ಆ ಬೆಳಗಿನ ನಂತರ.

ಹಗಲಿನ ಗೂಡು ಬೇರೆ. ಅದು ಹಿತ್ತಲಲ್ಲಿರಲಿ, ಆದರೆ ತಳ ಮುಚ್ಚಿರಲೇಬೇಕು. ನಾನು ಶಹಾಬಾದಿ ಕಲ್ಲಿನ ಒಂದು ಚಪ್ಪಡಿ ಹಾಸಿ ಅದರ ಮೇಲೆ ಒಣ ಭತ್ತದ ಹುಲ್ಲು ಹರಡಿದೆ. ಬೇಸಿಗೆಯಲ್ಲಿ ಕಲ್ಲು ನೆರಳಿನಲ್ಲಿ ತಣ್ಣಗಿರುತ್ತದೆ, ಇದು ಎರಡನೆಯ ಲಾಭ. ಮೂರನೆಯದು, ನಾಯಿಬೆಕ್ಕುಗಳಿಗಿರುವ ಮೆತ್ತೆ ಮೊಲದ ಪಾದದಲ್ಲಿ ಇಲ್ಲ, ಬರಿಯ ಕೂದಲು. ಸದಾ ತಂತಿಯ ಮೇಲೆ ನಿಂತರೆ ಹಿಮ್ಮಡಿಯ ಕೂದಲು ಉದುರಿ, ಚರ್ಮ ಕೆಂಪಾಗಿ, ಹುಣ್ಣಾಗುತ್ತದೆ. ನಿಮ್ಮ ಮೊಲಗಳ ಹಿಂಗಾಲನ್ನು ಇವತ್ತೇ ಮಗುಚಿ ನೋಡಿ. ಹಿಡಿಯುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಪೃಷ್ಠದ ಕೆಳಗೆ. ಕಿವಿ ಹಿಡಿದು ಎತ್ತುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಜೋತಾಡಿದ ಮೊಲ ಒದೆಯುತ್ತದೆ, ಒದೆದರೆ ಏನಾಗುತ್ತದೆಂದು ಮೇಲೆಯೇ ಹೇಳಿದ್ದೇನೆ.

ಪಕ್ಕಗಳಿಗೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, 16 ಗೇಜ್ ಅಥವಾ 14. ಗೇಜ್ ಸಂಖ್ಯೆ ಇಳಿದಷ್ಟು ತಂತಿ ದಪ್ಪ, ಇದನ್ನು ತಿಳಿಯದೆ 20 ಗೇಜ್ ತಂದು ಭದ್ರವಾಯಿತೆಂದು ನೆಮ್ಮದಿಯಿಂದ ಇರುವವರಿದ್ದಾರೆ. ಷಟ್ಕೋನ ಕಣ್ಣಿನ ಕೋಳಿ ಜಾಲರಿಯನ್ನಂತೂ ತರಲೇಬೇಡಿ, ನಾಯಿ ಅದನ್ನು ಹಲ್ಲಿನಿಂದಲೇ ಹರಿಯುತ್ತದೆ. ಜಾಲರಿಯನ್ನು ಚೌಕಟ್ಟಿನ ಒಳಮೈಗೆ ಕೂರಿಸಿ, ಹೊರಮೈಗೆ ಕೂರಿಸಿ ಎಂದು ವಾದಿಸುತ್ತ ಕೂರುವ ಬದಲು ಎಲ್ಲ ಅಂಚುಗಳನ್ನೂ ಬೆಸೆಸಿ, ಬೈಂಡಿಂಗ್ ತಂತಿಯಿಂದ ಕಟ್ಟಿ ಬಿಡಬೇಡಿ. ಮೊಲ ನೆಲದ ಮೇಲೆ ಓಡಾಡಲು ಆವರಣ ಮಾಡುವುದಾದರೆ, ಬುಡದಿಂದ ಹೊರಕ್ಕೆ ಎರಡು ಅಡಿ ಅಗಲ ಜಾಲರಿಯನ್ನು ನೆಲದ ಮೇಲೆ ಮಲಗಿಸಿ ಮಣ್ಣು ಮುಚ್ಚಿ. ನಾಯಿ ಗೋಡೆಯ ಬುಡದಲ್ಲೇ ಕೆದರುತ್ತದೆ, ಎರಡು ಅಡಿ ಹಿಂದೆ ಸರಿದು ಸುರಂಗ ತೋಡುವಷ್ಟು ಉಪಾಯ ಅದಕ್ಕೆ ಹೊಳೆಯುವುದಿಲ್ಲ. ಒಳಗೊಂದು ಮರದ ಪೆಟ್ಟಿಗೆ ಇರಲಿ, ಹದ್ದು ಕಂಡಾಗ, ಬೆಕ್ಕು ಗೋಡೆಯ ಮೇಲೆ ಕುಳಿತಾಗ ಮೊಲ ಅದರೊಳಗೆ ಅವಿತುಕೊಳ್ಳಬೇಕು.

ಮುಂಗುಸಿಗೆ ಬೋನು ಬೇಡ, ವಿಷವಂತೂ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮುಂಗುಸಿಯನ್ನು ಹಿಡಿಯುವುದೂ ಕೊಲ್ಲುವುದೂ ಅಪರಾಧ. ನಾಯಿಗೆ ವಿಷ ಇಟ್ಟರೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಇದೆ. ಕಾನೂನು ಒತ್ತಟ್ಟಿಗಿರಲಿ, ವಿಷದ ತುಣುಕನ್ನು ಕಾಗೆ ಒಯ್ದು ನಿಮ್ಮದೇ ಗೂಡಿನ ಮೇಲೆ ಬೀಳಿಸಿದರೆ? ಮುಂಗುಸಿ ಎಲ್ಲಿಂದ ಬರುತ್ತದೆಂದು ನೋಡಿ. ನಿಮ್ಮ ಕಾಲುವೆಯ ದಂಡೆಯಲ್ಲಿ ಬಳ್ಳಾರಿ ಜಾಲಿ ಬೆಳೆದು ನಿಂತಿರಬೇಕು. ಆ ಪೊದೆಯೇ ಅದರ ಮನೆ, ಹಾವಿನ ಮನೆಯೂ ಅದೇ. ಗೂಡಿನ ಸುತ್ತ ಹತ್ತು ಹದಿನೈದು ಅಡಿ ಜಾಲಿ ಕಡಿಸಿ ಬಯಲು ಮಾಡಿ. ಬಯಲನ್ನು ದಾಟಿ ಬರಲು ಅದು ಹಿಂಜರಿಯುತ್ತದೆ.

ಹಾವಿನ ವಿಷಯದಲ್ಲಿ ಜನ ನಾಗರಕ್ಕೆ ಹೆದರುತ್ತಾರೆ, ಮರಿಗಳನ್ನು ನುಂಗುವುದು ಹೆಚ್ಚಾಗಿ ಕೇರೆ ಹಾವು. ಅದು ಬರುವುದು ಇಲಿಗಾಗಿ, ಇಲಿ ಬರುವುದು ಚೆಲ್ಲಿದ ತಿಂಡಿಗಾಗಿ. ನಮ್ಮದು ಭತ್ತದ ಸೀಮೆ, ಕೊಯ್ಲು ಮುಗಿದೊಡನೆ ಗದ್ದೆಯ ಇಲಿ ಮನೆಗೆ ಮುಖಮಾಡುತ್ತವೆ. ಮೊಲದ ಕಾಳನ್ನು ಮುಚ್ಚಳವಿರುವ ಡಬ್ಬಿಯಲ್ಲಿಡಿ, ಸಂಜೆ ಚೆಲ್ಲಿದ್ದನ್ನು ಗುಡಿಸಿ. ಮರಿ ಹಾಕುವ ಹೊತ್ತಿಗೆ ಹೆಗ್ಗಣದಷ್ಟೇ ಅಪಾಯ ಕೆಂಪಿರುವೆಯದು. ಹುಟ್ಟಿದ ಮರಿಗಳಿಗೆ ಕೂದಲಿಲ್ಲ, ಹತ್ತು ದಿನ ಕಣ್ಣೂ ಬಿಡುವುದಿಲ್ಲ. ಗೂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಿ. ಆನೆಗೊಂದಿಯ ಬೆಟ್ಟಸಾಲಿನಲ್ಲಿ ಚಿರತೆ ಇರುವುದು ನಿಜ, ಆದರೆ ನಿಮ್ಮ ಕ್ಯಾಂಪಿನಲ್ಲಿ ಕುಳಿತು ಅದರ ಚಿಂತೆ ಮಾಡಬೇಕಿಲ್ಲ.

ಅದಕ್ಕಿಂತ ತಗಡಿನ ಚಿಂತೆ ಮಾಡಿ. ಬಿಸಿಲು 30 ಡಿಗ್ರಿ ದಾಟಿದರೆ ಮೊಲಕ್ಕೆ ಸಂಕಟ, ರಾಯಚೂರಿನ ಮೇ ತಿಂಗಳು 40 ದಾಟುವುದು ನಿಮಗೆ ಹೇಳಬೇಕಿಲ್ಲ. ಅದು ಬೆವರುವ ಪ್ರಾಣಿಯಲ್ಲ, ಮೈಯ ಕಾವನ್ನು ಕಿವಿಗಳ ಮೂಲಕ ಹೊರಹಾಕುತ್ತದೆ. ಗೂಡನ್ನು ಬೇವಿನ ನೆರಳಿಗೆ ಎಳೆಯಿರಿ, ತಗಡಿನ ಮೇಲೆ ದಪ್ಪಗೆ ಹುಲ್ಲು ಹೊದಿಸಿ, ಪಶ್ಚಿಮಕ್ಕೆ ಒದ್ದೆ ಗೋಣಿಚೀಲ ಇಳಿಬಿಡಿ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಕಿವಿಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತ ಆಸ್ಪತ್ರೆಗೆ ಹೊರಡಿ. ತಣ್ಣೀರಿನ ಬಕೆಟ್ಟಿನಲ್ಲಿ ಮುಳುಗಿಸಬೇಡಿ, ಆ ಆಘಾತಕ್ಕೇ ಸಾಯುತ್ತದೆ.

ನಾಳೆ ನಿಮ್ಮ ಮೊಲಕ್ಕೂ ಗಾಯವಾಯಿತೆನ್ನಿ. ಬೆಕ್ಕಿನ ಹಲ್ಲಿನ ತೂತು ಸೂಜಿಮೊನೆಯಷ್ಟಿದ್ದರೂ ಒಳಗೆ ಕೀವು ತುಂಬುತ್ತದೆ, ಆದ್ದರಿಂದ ಕಾಣಿಸಿದ್ದು ಚಿಕ್ಕದೆಂದು ಬಿಡಬೇಡಿ. ಸುತ್ತಲಿನ ಕೂದಲು ಕತ್ತರಿಸಿ ಸಲೈನ್‌ನಲ್ಲಿ ತೊಳೆದು ವೈದ್ಯರಿಗೆ ತೋರಿಸಿ. ನೊಣ ಕುಳಿತರೆ ಒಂದೇ ದಿನದಲ್ಲಿ ಹುಳ ಬೀಳುತ್ತದೆ. ಮನೆಯಲ್ಲಿರುವ ಅಮಾಕ್ಸಿಸಿಲಿನ್ ಮಾತ್ರೆಯನ್ನು ಪುಡಿಮಾಡಿ ಬಾಯಿಗೆ ಹಾಕಬೇಡಿ, ಅದು ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು ಮೊಲವನ್ನೂ ಕೊಲ್ಲುತ್ತದೆ. ನಾಯಿಯ ಉಣ್ಣಿಗೆ ಹಾಕುವ ಫಿಪ್ರೊನಿಲ್ ಹನಿಯೂ ಮೊಲಕ್ಕೆ ವಿಷ. ನಾಯಿ ಓಡಿಸುವ ಭರದಲ್ಲಿ ನಿಮಗೇ ಹಲ್ಲು ತಗುಲಿದರೆ ಮೊಲವನ್ನು ಇನ್ನೊಬ್ಬರ ಕೈಗೆ ಕೊಟ್ಟು, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಲಸಿಕೆಗೆ ಹೋಗಿ.

ಬೀಗದ ಬಗ್ಗೆ: ಬೇಡ. ತಿರುಗಿಸುವ ಮರದ ಗುಬುಟು ಸಡಿಲವಾಗಿ ತಾನೇ ತೆರೆದುಕೊಳ್ಳುತ್ತದೆ, ಚಿಲಕವನ್ನು ಕೋತಿ ಎಳೆಯುತ್ತದೆ. ನಾಯಿ ಸರಪಳಿಯ ತುದಿಯಲ್ಲಿರುವಂಥ ಸ್ಪ್ರಿಂಗ್ ಕೊಂಡಿ ಸಿಗುತ್ತದೆ, ಬಾಗಿಲಿನ ಮೇಲೊಂದು ಕೆಳಗೊಂದು ಹಾಕಿ. ಒಂದೇ ಹಾಕಿದರೆ ನಾಯಿ ಇನ್ನೊಂದು ತುದಿಯನ್ನು ಬಾಗಿಸಿ ಮೂತಿ ತೂರಿಸುತ್ತದೆ. ಬೀಗವಾದರೆ ಒಳಗೆ ಹಾವು ಹೊಕ್ಕ ಹೊತ್ತಿನಲ್ಲಿ ನೀವು ಬೀಗದ ಕೈ ಹುಡುಕುತ್ತ ಮನೆಯೆಲ್ಲ ಅಲೆಯಬೇಕಾಗುತ್ತದೆ.