ತಾಲ್ಲೂಕಿನ ಲೆಕ್ಕ ಸಾಲದು, ಕೇರಿಯ ನಕ್ಷೆ ಬೇಕು

ಪ್ರಶ್ನೆ: ಕುಮಟಾ ತಾಲ್ಲೂಕಿನಲ್ಲಿ ಹೆಚ್ಚಿನ ಮಕ್ಕಳಿಗೆ ದಡಾರದ ಲಸಿಕೆ ಆಗಿದೆ ಅಂತಾರೆ. ಆದರೂ ಆಶಾ ಕಾರ್ಯಕರ್ತೆ ಬಂದು ತಾಯಿ ಕಾರ್ಡ್ ನೋಡಿ, ಫೋನಿನ ನಕ್ಷೆಯಲ್ಲಿ ನಮ್ಮ ಮನೆ ಗುರುತು ಮಾಡಿಕೊಂಡರು. ಯಾಕೆ?

ಉತ್ತರ: ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ದಡಾರ ತಾಲ್ಲೂಕಿನ ಸರಾಸರಿ ನೋಡಿಕೊಂಡು ಬರುವುದಿಲ್ಲ. ನೂರು ಮಕ್ಕಳಲ್ಲಿ ಐವರಿಗೆ ಲಸಿಕೆ ಆಗಿಲ್ಲ ಅಂದುಕೊಳ್ಳಿ. ಅವರು ಐದು ಊರಲ್ಲಿದ್ದರೆ ಸೋಂಕು ಅಲ್ಲಲ್ಲೇ ನಿಲ್ಲಬಹುದು. ಐವರೂ ಒಂದೇ ಕೇರಿಯವರಾಗಿ, ಒಂದೇ ಅಂಗನವಾಡಿಗೆ ಹೋಗುತ್ತಿದ್ದರೆ? ದಡಾರ ಬಂದ ಒಬ್ಬರಿಂದ, ರಕ್ಷಣೆ ಇಲ್ಲದ 12ರಿಂದ 18 ಮಂದಿಗೆ ಹರಡಬಲ್ಲದು. ರೋಗಿ ಎದ್ದು ಹೋದ ಮೇಲೂ ವೈರಸ್ 2 ಗಂಟೆಯವರೆಗೆ ಆ ಕೋಣೆಯ ಗಾಳಿಯಲ್ಲಿ ಇರಬಹುದು. ರಿಜಿಸ್ಟರಿನಲ್ಲಿ ಎರಡೂ ಕಡೆ ಲೆಕ್ಕ ಒಂದೇ, ನೂರಕ್ಕೆ 95. ವ್ಯತ್ಯಾಸ ಕಾಣುವುದು ನಕ್ಷೆಯಲ್ಲಿ. ದಡಾರದ ಲಸಿಕೆಯ ಎರಡೂ ಡೋಸ್ ಆದವರು ಪ್ರತಿ ಕೇರಿಯಲ್ಲೂ ನೂರಕ್ಕೆ 95 ಇರಬೇಕು.

ಆ ನಕ್ಷೆಯನ್ನೂ ಸುಮ್ನೆ ಆಫೀಸಿನಲ್ಲಿ ಕೂತು ಲಸಿಕೆ ಹಾಕುವ ಜಾಗದ ಸುತ್ತ ವೃತ್ತ ಎಳೆದು ಮಾಡಬಾರದು. ತದಡಿ ಬಂದರಿಗೆ ನದಿಯ ಆಚೆ ದಡದ ಅಘನಾಶಿನಿ ಊರು ಎದುರಿಗೇ ಕಾಣುತ್ತದೆ. ದೋಣಿ ಇಲ್ಲದಿದ್ದರೆ ರಸ್ತೆಯಲ್ಲಿ ಸುತ್ತಿಯೇ ಹೋಗಬೇಕು. ಮಳೆಗಾಲದಲ್ಲಿ ಕೂಸನ್ನು ಎತ್ತಿಕೊಂಡು ಬರುವ ತಾಯಿಗೆ ಆ ಸುತ್ತುದಾರಿಯೇ ಲೆಕ್ಕ. ಲಸಿಕೆ ಎಲ್ಲಿ ಹಾಕಬೇಕು ಅನ್ನುವುದನ್ನು ಅದನ್ನು ನೋಡಿ ತೀರ್ಮಾನಿಸಬೇಕು. ಬಂದರಿಗೆ ದುಡಿಯಲು ಬಂದ ಹೊರಗಿನ ಕುಟುಂಬಗಳು, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಗೌಳಿವಾಡಾಗಳು (ದನ, ಎಮ್ಮೆ ಸಾಕುವ ಗೌಳಿಗರ ಕೇರಿಗಳು) ಮನೆ ನಂಬರಿನ ಪಟ್ಟಿಯಿಂದ ಸುಲಭವಾಗಿ ಬಿಟ್ಟುಹೋಗುತ್ತವೆ. ಮೊದಲು ಗುರುತು ಮಾಡಬೇಕಾದ್ದು ಅವನ್ನೇ.

ಆದರೆ ಮಗುವಿನ ಹೆಸರಿರುವ ನಕ್ಷೆ ಆರೋಗ್ಯ ಸಿಬ್ಬಂದಿಯ ಹತ್ತಿರವೇ ಇರಲಿ. ಅದನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿ ಯಾರದೋ ಮನೆಯತ್ತ ಬೊಟ್ಟು ಮಾಡುವುದನ್ನು ನಾನು ಒಪ್ಪುವುದೇ ಇಲ್ಲ. ಮುಂದಿನ ಸಲ ಆ ಮನೆಯವರು ಬಾಗಿಲು ತೆಗೆಯುವುದಿಲ್ಲ.

ಪ್ರಶ್ನೆ: ತಾಯಿ ಕಾರ್ಡ್ ಕಳೆದಿದೆ. ಮೊದಲಿಂದ ಹಾಕಿಸಬೇಕಾ?

ಉತ್ತರ: ಬೇಡ. ಉಪಕೇಂದ್ರದ ದಾಖಲೆಯಲ್ಲಿ ಹುಡುಕಿಸಿ, ಬಿಟ್ಟಲ್ಲಿಂದ ಮುಂದುವರಿಸಿ.

ಪ್ರಶ್ನೆ: ದಡಾರಕ್ಕೆ ಬೇವಿನ ಸೊಪ್ಪು, ತಾಯಿತ ಸಾಕಲ್ವಾ?

ಉತ್ತರ: ಸಾಲದು. ದಡಾರದ ಹಿಂದೆ ನ್ಯುಮೋನಿಯಾ ಬರಬಹುದು, ಕಣ್ಣು ಹೋಗಬಹುದು. ತಾಯಿತ ಮಾರಿ ಲಸಿಕೆ ಬೇಡ ಅನ್ನುವವರನ್ನು ಮನೆಯೊಳಗೆ ಬಿಡಬೇಡಿ.

ಪ್ರಶ್ನೆ: ಸಿದ್ದಾಪುರದಲ್ಲಿ ಮಂಗನ ಕಾಯಿಲೆಗೆ ಈಗ ಯಾಕೆ ಲಸಿಕೆ ಕೊಡುತ್ತಿಲ್ಲ?

ಉತ್ತರ: ಹಳೆಯ ಲಸಿಕೆಯಿಂದ ಸಾಕಷ್ಟು ರಕ್ಷಣೆ ಸಿಗದ ಕಾರಣ 2022ರಲ್ಲಿ ನಿಲ್ಲಿಸಿದರು. ಈ ಕಾಯಿಲೆ ಉಣ್ಣಿ ಕಚ್ಚಿ ಬರುತ್ತದೆ. ಕಾಡಿಗೆ ಹೋಗುವಾಗ ಉಣ್ಣಿಯನ್ನು ದೂರ ಇಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಸತ್ತ ಮಂಗದಿಂದ ಉಣ್ಣಿಗಳು ಇಳಿದು ಸುತ್ತಲೂ ಹರಡುತ್ತವೆ. ಅದನ್ನು ಮುಟ್ಟಬೇಡಿ, ಎಲ್ಲಿ ಬಿದ್ದಿದೆ ಅಂತ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.